ಫೀಸಿಗೆ ಬ್ಯಾಂಕ್ ಸಾಲ: ತೆಗೆಯಬೇಕೇ, ಬೇಡವೇ?

ಪರ: ತೆಗೆಯಿರಿ, ಬಡ್ಡಿ ಮಾತ್ರ ಆಗಾಗಲೇ ಕಟ್ಟಿ

ಮೂಡಿಗೆರೆ, ಸಕಲೇಶಪುರದ ಕಡೆ ಅರೇಬಿಕಾ ಕಾಫಿ ಕೊಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ, ರೊಬಸ್ಟಾ ಮುಗಿಯುವಾಗ ಮಾರ್ಚ್. ಸಿಇಟಿ ಸೀಟಿನ ಫೀಸು ಕಟ್ಟಬೇಕಾದದ್ದು ಮಳೆಗಾಲದಲ್ಲಿ, ಕೈ ಬರಿದಾಗಿರುವಾಗ. ಆಗ ಉಳಿಯುವುದು ಚಿನ್ನ ಅಡವಿಡುವ ದಾರಿ, ಇಲ್ಲವೇ ವ್ಯಾಪಾರಿಯ ಮುಂಗಡ. ಮುಂಗಡ ತಿಂದವರಿಗೆ ಬೆಳೆ ಬಂದಾಗ ಬೆಲೆ ಕೇಳುವ ಬಾಯಿ ಇರುವುದಿಲ್ಲ. ಶಿಕ್ಷಣ ಸಾಲ ಬೇಕಾಗುವುದು ಇಲ್ಲೇ.

7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿಯ ರಕ್ಷಣೆ ಇದೆ. ಅಡಮಾನವಾಗಲಿ ಹೊರಗಿನವರ ಜಾಮೀನಾಗಲಿ ಬೇಕಿಲ್ಲ. ಬಗರ್‌ಹುಕುಂ ಜಮೀನಿಗೆ ಇನ್ನೂ ಹಕ್ಕುಪತ್ರ ಸಿಗದ ಮನೆಯ ಮಕ್ಕಳಿಗೆ ಇದು ದೊಡ್ಡ ಆಸರೆ.

ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ. ಸೀಟು ಹಂಚಿಕೆ ಪತ್ರ, ಅಂಕಪಟ್ಟಿ, ಆಧಾರ್, ಪ್ಯಾನ್, ಆದಾಯ ಪ್ರಮಾಣಪತ್ರದ ಜೊತೆಗೆ ಕಾಲೇಜಿನಿಂದ ಖರ್ಚಿನ ವಿವರ ಪತ್ರ ಬೇಕು. ಎಡವುವುದು ಈ ಪತ್ರದಲ್ಲೇ: ಮೊದಲ ವರ್ಷದ ಬೋಧನಾ ಶುಲ್ಕವನ್ನಷ್ಟೇ ಬರೆಸಿಕೊಂಡು ಬರುತ್ತಾರೆ. ನಾಲ್ಕೂ ವರ್ಷದ್ದು, ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಸೇರಿಸಿ ಬರೆಸಿ. ಮಂಜೂರಾದ ಮೊತ್ತವನ್ನು ಆಮೇಲೆ ಏರಿಸುವುದು ಕಷ್ಟ. ‘ನಿಮ್ಮೂರು ನಮ್ಮ ಶಾಖೆಯ ವ್ಯಾಪ್ತಿಯಲ್ಲಿಲ್ಲ’ ಎಂದು ವಾಪಸ್ ಕಳಿಸಿದರೆ ಸುಮ್ಮನಾಗಬೇಡಿ. ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ.

ಇನ್ನು ಲೆಕ್ಕ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ ಶೇ 9 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ, ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಐದು ವರ್ಷಕ್ಕೆ ಅದು 1,26,000 ರೂಪಾಯಿ. ಅಸಲಿಗೆ ಸೇರಿ 5,26,000 ಆದರೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 6,660. ಬಡ್ಡಿಯನ್ನು ಆಗಾಗಲೇ ಕಟ್ಟಿದ್ದರೆ 5,070 ಸಾಕು. ಮೊದಲ ವರ್ಷದ ಬಡ್ಡಿ ಬರೀ 9,000. ಕಾಫಿ ಮಾರಿದ ವಾರವೇ ಸಾಲದ ಖಾತೆಗೆ ಹಾಕಿಬಿಡಿ.

ವಿರೋಧ: ಸಹಿ ಅಪ್ಪನದು, ತೋಟವೂ ಅಪ್ಪನದೇ

ಮೊದಲ ವರ್ಷ 9,000 ನಿಜ. ನಾಲ್ಕನೇ ವರ್ಷ ಅದೇ 36,000. ಹಾಸನದ ಆಲೂಗೆಡ್ಡೆಗೆ ಅಂಗಮಾರಿ ಬಡಿದ ವರ್ಷ ಅಷ್ಟನ್ನು ಎಲ್ಲಿಂದ ತರುವುದು?

ಅಡಮಾನ ಬೇಕಿಲ್ಲ ಎಂಬ ಮಾತು ನೆಮ್ಮದಿ ಕೊಡುತ್ತದೆ, ಪೂರ್ತಿ ಚಿತ್ರ ಕೊಡುವುದಿಲ್ಲ. ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಲೇಬೇಕು. ಮಗನಿಗೆ ಕೆಲಸ ಸಿಗದೆ ಕಂತು 90 ದಿನ ದಾಟಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಸಾಲ ತೀರಿಸಿದ ಚರಿತ್ರೆ ನೋಡಿ ಕೊಡುವ ಸಿಬಿಲ್ ಅಂಕ ಇಬ್ಬರದೂ ಬೀಳುತ್ತದೆ. ಮುಂದಿನ ಬೆಳೆ ಸಾಲಕ್ಕೆ ಅಪ್ಪ ಬ್ಯಾಂಕಿಗೆ ಹೋದಾಗ ಮೊದಲು ಕಾಣುವುದು ಈ ಬಾಕಿಯೇ. ಗೊಬ್ಬರಕ್ಕೆ ದುಡ್ಡಿಲ್ಲದೆ ತೋಟ ಸೊರಗಿದರೆ ಕಂತು ಕಟ್ಟುವ ಮೂಲವೇ ಬತ್ತಿತು.

ಬಡ್ಡಿ ರಿಯಾಯಿತಿಯ ಮೇಲೂ ಪೂರ್ತಿ ಭರವಸೆ ಇಡಬೇಡಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ವರ್ಷಕ್ಕೆ 8 ಲಕ್ಷದೊಳಗಿನ ಕುಟುಂಬ ಆದಾಯದವರಿಗೆ ಶೇ 3 ರಿಯಾಯಿತಿ ಇದೆ. ಅದು ರ‍್ಯಾಂಕಿಂಗ್ ನೋಡಿ ಆರಿಸಿದ ಸಂಸ್ಥೆಗಳಿಗೆ ಮಾತ್ರ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.

ಹಿಂದುಳಿದ ವರ್ಗದವರು ಬ್ಯಾಂಕಿಗಿಂತ ಮುಂಚೆ ದೇವರಾಜ ಅರಸು ನಿಗಮದ ಜಿಲ್ಲಾ ಕಚೇರಿಯಲ್ಲಿ ‘ಅರಿವು’ ಸಾಲ ಕೇಳಬೇಕು: ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ 2. ಮೇಲಿನ ಲೆಕ್ಕವನ್ನೇ ಶೇ 2ಕ್ಕೆ ಹಾಕಿದರೆ ಐದು ವರ್ಷಕ್ಕೆ ಬಡ್ಡಿ 28,000. ಹಾಸನದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಗುವಂತಿದ್ದರೆ, ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟಿಗೆಂದು ಸಾಲ ಮಾಡುವುದು ಖಂಡಿತ ಬೇಡ.

ಬ್ಯಾಂಕ್ ಸಾಲವೇ ಗತಿ ಎಂದಾದರೆ, ಸಹಿಗೆ ಮುಂಚೆ ಅಪ್ಪನ ಸಿಬಿಲ್ ವರದಿ ತೆಗೆಸಿ. ವರ್ಷಕ್ಕೊಮ್ಮೆ ಉಚಿತ. ಯಾರಿಗೋ ಹಾಕಿದ ಹಳೆಯ ಜಾಮೀನಿನ ಬಾಕಿ ಅದರಲ್ಲಿ ಕಂಡರೆ, ಅದನ್ನು ತೀರಿಸಿಯೇ ಅರ್ಜಿ ಹಾಕಿ.