ಸಭೆಯ ಪರದೆಯಲ್ಲಿ ಚೆಂದ, ಅಂಗೈಯಲ್ಲಿ ಗೋಳು

ಉದ್ಯಮದ ವೆಬ್‌ಸೈಟಿಗೆ ಒಪ್ಪಿಗೆ ಸಿಗುವುದು ಸಭಾ ಕೊಠಡಿಯ ಗೋಡೆಯಗಲದ ಪರದೆಯ ಮೇಲೆ. ಗ್ರಾಹಕರು ಅದನ್ನು ನೋಡುವುದು ಮಾತ್ರ ಅಂಗೈಯಗಲದ ಗಾಜಿನಲ್ಲಿ, ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ.

ಇತ್ತೀಚೆಗೆ ಉದ್ಯಮವೊಂದರ ಮಾಲೀಕರು ನನ್ನನ್ನು ಕರೆಸಿದ್ದರು. ಸೈಟಿಗೆ ಜನ ಬರುತ್ತಾರೆ, ವಿಚಾರಣೆಗಳು ಬರುವುದಿಲ್ಲ ಎಂಬುದು ಅವರ ದೂರು. ‘ನಮ್ಮದು ರೆಸ್ಪಾನ್ಸಿವ್ ಸೈಟೇ, ಮಾಡಿದವರು ಹೇಳಿದ್ದಾರೆ’ ಎಂದರು. ಅಂದರೆ ಪರದೆಯ ಅಗಲಕ್ಕೆ ತಕ್ಕಂತೆ ತಾನಾಗಿಯೇ ಹೊಂದಿಕೊಳ್ಳುವ ಸೈಟು. ಸುಳ್ಳಲ್ಲ. ಬ್ರೌಸರ್ ಕಿಟಕಿಯನ್ನು ಕಿರಿದು ಮಾಡಿದರೆ ಅಂಕಣಗಳು ಶಿಸ್ತಾಗಿ ಒಂದರ ಕೆಳಗೊಂದು ಬಂದು ಕೂರುತ್ತಿದ್ದವು.

‘ಸಾರ್, ನಿಮ್ಮ ಫೋನಿನಿಂದಲೇ ಒಂದು ವಿಚಾರಣೆ ಕಳುಹಿಸಿ ನೋಡಿ’ ಎಂದೆ.

ಮೊದಲು ತಾನಾಗಿಯೇ ಸರಿಯುವ ಮೂರು ಫೋಟೋಗಳು. ಆಮೇಲೆ ಅಧ್ಯಕ್ಷರ ಸಂದೇಶ, ಅದರ ಕೆಳಗೆ ಸಂಸ್ಥೆಯ ಇತಿಹಾಸ. ಎಂಟು ಸಲ ಸರಿಸಿದ ಮೇಲೆ ದೂರವಾಣಿ ಸಂಖ್ಯೆ ಸಿಕ್ಕಿತು. ಆದರೆ ಅದು ಚಿತ್ರದೊಳಗೆ ಬರೆದದ್ದು, ಕನ್ನಡಿಯೊಳಗಿನ ಗಂಟು. ಒತ್ತಿದರೆ ಕರೆ ಹೋಗದು. ಕೊನೆಗೆ ಫಾರ್ಮ್ ಬಂತು. ಹೆಸರಿನ ಜಾಗವನ್ನು ಮುಟ್ಟಿದೊಡನೆ ಪುಟವೇ ಹಿಗ್ಗಿ, ಬಲಗಡೆಯ ಭಾಗ ಪರದೆಯಾಚೆ ಹೋಯಿತು. ಭರ್ತಿ ಮಾಡುವ ಜಾಗದ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ಹಾಗೆ ಮಾಡುತ್ತದೆ. ಮೊಬೈಲ್ ಸಂಖ್ಯೆ ಕೇಳುವಲ್ಲಿ ಅಂಕಿಗಳ ಬದಲು ಅಕ್ಷರಗಳ ಕೀಲಿಮಣೆ ತೆರೆಯಿತು. ಎಲ್ಲವನ್ನೂ ತುಂಬಿ ‘ಕಳುಹಿಸಿ’ ಒತ್ತಲು ಹೋದ ಹೆಬ್ಬೆರಳು ಪಕ್ಕಕ್ಕೇ ಅಂಟಿಕೊಂಡಿದ್ದ ‘ಅಳಿಸಿ’ಯನ್ನು ಒತ್ತಿತು. ಬರೆದದ್ದೆಲ್ಲ ಮಾಯ. ಮಾಲೀಕರು ಮಾತಾಡದೆ ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟರು. (ಆ ‘ಅಳಿಸಿ’ ಗುಂಡಿ ಯಾರಿಗೆ ಬೇಕಾಗಿತ್ತೋ, ನನಗೆ ಇಂದಿಗೂ ಅರ್ಥವಾಗಿಲ್ಲ.)

2007ರಲ್ಲಿ ಬಂದ ಮೊದಲ ಐಫೋನ್, ತನ್ನ ಪರದೆ 980 ಪಿಕ್ಸೆಲ್ ಅಗಲವಿದೆ ಎಂದು ನಟಿಸಿ ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತಿತ್ತು. ಆನೆಯನ್ನು ಕನ್ನಡಿಯಲ್ಲಿ ತೋರಿಸಿದ ಹಾಗೆ. 2010ರ ಮೇ ತಿಂಗಳಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಒಂದು ಲೇಖನದಲ್ಲಿ ರೆಸ್ಪಾನ್ಸಿವ್ ಎಂಬ ಹೆಸರಿಟ್ಟು ದಾರಿ ತೋರಿಸಿದರು: ಶೇಕಡಾವಾರು ಅಳತೆಯ ಅಂಕಣಗಳು, ಜಾಗಕ್ಕೆ ತಕ್ಕಂತೆ ಹೊಂದಿಕೊಳ್ಳುವ ಚಿತ್ರಗಳು, ಪರದೆಯ ಅಗಲ ನೋಡಿ ವಿನ್ಯಾಸ ಬದಲಿಸುವ ಮೀಡಿಯಾ ಕ್ವೆರಿಗಳು. ಈಗ ಯಾವ ಟೆಂಪ್ಲೇಟ್, ಅಂದರೆ ವೆಬ್‌ಸೈಟಿನ ಸಿದ್ಧ ಅಚ್ಚು, ತೆಗೆದರೂ ಈ ಮೂರೂ ಇರುತ್ತವೆ. ಹಾಗಾಗಿಯೇ ಎಲ್ಲರೂ ‘ನಮ್ಮದೂ ರೆಸ್ಪಾನ್ಸಿವ್’ ಎನ್ನುತ್ತಾರೆ.

ಟೆಂಪ್ಲೇಟಿಗೆ ಗೊತ್ತಿಲ್ಲದ್ದು ಒಂದೇ, ಯಾವುದು ಮೊದಲು ಎಂಬುದು. ದೊಡ್ಡ ಪರದೆಯಲ್ಲಿ ಅಧ್ಯಕ್ಷರ ಸಂದೇಶ ಎಡಕ್ಕೆ, ವಿಚಾರಣೆಯ ಫಾರ್ಮ್ ಬಲಕ್ಕೆ ಇದ್ದರೆ ಎರಡೂ ಒಟ್ಟಿಗೆ ಕಾಣುತ್ತವೆ, ಯಾರಿಗೂ ತಕರಾರಿಲ್ಲ. ಫೋನಿನಲ್ಲಿ ಅಕ್ಕಪಕ್ಕ ಎಂಬುದೇ ಇಲ್ಲ, ಬರೀ ಸಾಲು. ಬಲಗಡೆಯದ್ದು ಸಾಲಿನ ಕೊನೆಗೆ ಬೀಳುತ್ತದೆ. ಸಾಲಿನಲ್ಲಿ ಯಾರನ್ನು ಮುಂದೆ ನಿಲ್ಲಿಸಬೇಕೆಂಬುದು ವಿನ್ಯಾಸಕರ ಹೊಣೆಯಲ್ಲ, ವ್ಯಾಪಾರ ಮಾಡುವವರ ನಿರ್ಧಾರ. ಅದನ್ನು ಯಾರೂ ಮಾಡದಿದ್ದಾಗ ಕೋಡ್ ಬರೆದ ಕ್ರಮವೇ ವ್ಯಾಪಾರದ ಕ್ರಮವಾಗಿಬಿಡುತ್ತದೆ.

‘ಹಾಗಾದರೆ ಫೋನಿನಲ್ಲಿ ಬೇಡದ್ದನ್ನು ಮರೆಮಾಡಿ’ ಎನ್ನುವವರಿದ್ದಾರೆ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಕೋಡ್‌ನಲ್ಲಿ ಮರೆಮಾಡಿದ ಚಿತ್ರ ಕಣ್ಣಿಗೆ ಬೀಳದಿದ್ದರೂ ಸಾಮಾನ್ಯವಾಗಿ ಡೌನ್‌ಲೋಡ್ ಆಗಿಯೇ ತೀರುತ್ತದೆ. ಗ್ರಾಹಕರ ಡೇಟಾ ಖರ್ಚಾಗುತ್ತದೆ, ಸಿಗುವುದು ಶೂನ್ಯ. ಮೊಬೈಲ್ ಪುಟದಿಂದ ಮಾಹಿತಿಯನ್ನೇ ಕಿತ್ತುಹಾಕಿದರೂ ಕಷ್ಟ, ಏಕೆಂದರೆ ಗೂಗಲ್ ಹುಡುಕಾಟಕ್ಕಾಗಿ ಈಗ ಓದುವುದು ಮೊಬೈಲ್ ರೂಪವನ್ನೇ. 2016ರಲ್ಲಿ ಘೋಷಿಸಿದ ಆ ಬದಲಾವಣೆಯನ್ನು 2023ರಲ್ಲಿ ಮುಗಿಸಿತು. ನನ್ನ ಅಭಿಪ್ರಾಯ ಸರಳ: ಫೋನಿನಲ್ಲಿ ಬೇಡವೆನಿಸಿದ್ದು ಹೆಚ್ಚಿನ ಸಲ ದೊಡ್ಡ ಪರದೆಯಲ್ಲೂ ಬೇಕಾಗಿರುವುದಿಲ್ಲ.

ಇದು ಫೋನಿಗಷ್ಟೇ ಸೇರಿದ ವಿಷಯವೂ ಅಲ್ಲ. ಕಣ್ಣು ಮಂಜಾದ ಹಿರಿಯರು 1280 ಪಿಕ್ಸೆಲ್ ಅಗಲದ ಕಂಪ್ಯೂಟರಿನಲ್ಲಿ ಪುಟವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿಕೊಂಡರೆ ಬ್ರೌಸರಿಗೆ ಉಳಿಯುವುದು 320 ಪಿಕ್ಸೆಲ್, ಸಣ್ಣ ಫೋನಿನಷ್ಟೇ ಅಗಲ. ಆಗಲೂ ಓದುವುದಕ್ಕಾಗಿ ಸಾಲು ಸಾಲಿಗೂ ಅಡ್ಡಡ್ಡ ಸರಿಸುವಂತಾಗಬಾರದು ಎಂದು ವೆಬ್ ಎಲ್ಲರಿಗೂ ಎಟಕುವಂತಿರಬೇಕೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾನದಂಡದ 2018ರ ಆವೃತ್ತಿ ಹೇಳುತ್ತದೆ.

ಆ ಮಾಲೀಕರ ಸೈಟಿನಲ್ಲಿ ಅಕ್ಷರದ ಗಾತ್ರ, ಕೀಲಿಮಣೆ, ಒತ್ತಿದರೆ ಕರೆ ಹೋಗುವ ಸಂಖ್ಯೆ, ಎಲ್ಲ ಸೇರಿ ಅರ್ಧ ದಿನದ ಕೆಲಸ. ‘ಅಳಿಸಿ’ಯನ್ನು ಅವರೇ ಅಲ್ಲೇ ತೆಗೆಸಿದರು. ಫಾರ್ಮನ್ನು ಮೇಲಕ್ಕೆ ತಂದು ಅಧ್ಯಕ್ಷರ ಸಂದೇಶವನ್ನು ಕೆಳಗಿಳಿಸುವುದಕ್ಕೆ ಮಾತ್ರ ಇನ್ನೂ ಎರಡು ಸಭೆಗಳು ಬೇಕಾದವು. ಅಧ್ಯಕ್ಷರು ಅವರ ತಂದೆ.