ಒಂದು ದಿನ ಅವರು, ಒಂದು ದಿನ ಇವರು

ಅಮೆರಿಕದಿಂದ ಬಂದಾಗಿನಿಂದ ಇದನ್ನು ಬರೆಯಬೇಕು ಅಂತ ಮನಸ್ಸು ಕೊರೆಯುತ್ತಲೇ ಇತ್ತು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ರಿಟೈರ್ ಆದವರು, ಇನ್ನೊಂದೆರಡು ವರ್ಷಕ್ಕೆ ಆಗುವವರು, ಗಂಡ-ಹೆಂಡತಿ ಜೊತೆಗೇ ಕೂತು ಓದಿದರೆ ಇನ್ನೂ ಒಳ್ಳೆಯದು.

ಮಾರ್ಚ್ ತಿಂಗಳ ಕೊನೆಯ ವಾರ. ನಾನು, ನಮ್ಮವರು ಅರಿಜೋನಾದ ಫೀನಿಕ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೆವು. ಅಳಿಯನ ಆಫೀಸಿನ ಗೆಳೆಯರೊಬ್ಬರ ತಂದೆ-ತಾಯಿ ಕ್ವಾರ್ಟ್‌ಸೈಟ್ ಎಂಬ ಊರಲ್ಲಿ ಚಳಿಗಾಲ ಕಳೆದು, ಕೆನಡಾಕ್ಕೆ ವಾಪಸ್ ಹೊರಡುವ ತಯಾರಿಯಲ್ಲಿದ್ದರು. ಹೋಗುವ ಮುಂಚೆ ಒಮ್ಮೆ ಬನ್ನಿ ಅಂದಿದ್ದರಂತೆ. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಇಂಟರ್‌ಸ್ಟೇಟ್ 10ರಲ್ಲಿ ಎರಡು ತಾಸಿನ ದಾರಿ. ಎರಡೂ ಕಡೆ ಬರೀ ಮರುಭೂಮಿ, ಆಳೆತ್ತರದ ಕಳ್ಳಿ, ದೂರದಲ್ಲಿ ಬೋಳು ಗುಡ್ಡ.

ಕ್ವಾರ್ಟ್‌ಸೈಟ್‌ನಲ್ಲಿ ವರ್ಷಪೂರ್ತಿ ಇರುವ ಜನ ಎರಡೂವರೆ ಸಾವಿರದೊಳಗೆ. ನಮ್ಮ ಕಡೆಯ ಒಂದು ಹಳ್ಳಿಯಷ್ಟು. ಆದರೆ ಚಳಿಗಾಲ ಬಂತೆಂದರೆ ಸುತ್ತಲಿನ ಬಯಲೆಲ್ಲ ಆರ್‌ವಿಗಳಿಂದ ತುಂಬಿಹೋಗುತ್ತದೆ. ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ಕೆಲವು ಬಸ್ಸಿನ ಹಾಗೆ ತಾವೇ ಓಡುತ್ತವೆ, ಕೆಲವನ್ನು ದೊಡ್ಡ ಪಿಕಪ್ ಗಾಡಿಗೆ ಕಟ್ಟಿ ಎಳೆಯುತ್ತಾರೆ. ಒಳಗೆ ಹಾಸಿಗೆ, ಒಲೆ, ಫ್ರಿಜ್, ಬಚ್ಚಲು ಎಲ್ಲಾ ಇದೆ. ಕೆನಡಾ, ಮಿನೆಸೋಟಾ, ಡಕೋಟಾದ ಹಿಮದಿಂದ ತಪ್ಪಿಸಿಕೊಂಡು ಬರುವ ಈ ಹಿರಿಯರನ್ನು ಅಲ್ಲಿಯವರು ಸ್ನೋಬರ್ಡ್ ಅಂತಲೇ ಕರೆಯುತ್ತಾರೆ. ಚಳಿಗಾಲಕ್ಕೆ ನಮ್ಮ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಬಂದು, ಬಿಸಿಲೇರುವ ಹೊತ್ತಿಗೆ ಹಿಮಾಲಯ ದಾಟಿ ಹೋಗುವ ಪಟ್ಟೆತಲೆ ಹೆಬ್ಬಾತುಗಳೇ ಕಣ್ಣಮುಂದೆ ಬಂದವು.

ಆ ಬಯಲು ಕೇಂದ್ರ ಸರ್ಕಾರದ್ದು, ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯ ಜಾಗ. 1983ರಿಂದ ಅಲ್ಲಿ ಚಳಿಗಾಲದ ವಾಸಕ್ಕೆ ಪರ್ಮಿಟ್ ಕೊಡುತ್ತಿದ್ದಾರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಅಂದರೆ ಏಳು ತಿಂಗಳಿಗೆ, ವರ್ಷಾನುಗಟ್ಟಲೆ ಇದ್ದ ದರ 180 ಡಾಲರ್. ಲಾ ಪೋಸಾ ಎಂಬ ಆ ಪ್ರದೇಶವೇ 11,000 ಎಕರೆಗಿಂತ ಹೆಚ್ಚು. ಗಾಡಿ ನಿಲ್ಲಿಸಿದಲ್ಲಿ ನಲ್ಲಿ ಇಲ್ಲ, ಕರೆಂಟ್ ಇಲ್ಲ. ಕರೆಂಟು ಮೇಲಿನ ಸೋಲಾರ್ ಪ್ಯಾನೆಲ್‌ನಿಂದ. ನೀರನ್ನು ಒಂದು ಕಡೆ ಹೋಗಿ ತುಂಬಿಸಿಕೊಂಡು ಬರಬೇಕು, ಹೊಲಸು ನೀರನ್ನೂ ಅಲ್ಲೇ ಹೋಗಿ ಚೆಲ್ಲಿ ಬರಬೇಕು. ಎಲ್ಲರೂ ಶೋಕಿಗೆ ಬಂದವರು ಅಂತ ತಿಳಿಯಬೇಡಿ. ಪೆನ್ಶನ್ ಹಣದಲ್ಲಿ ಮನೆ ಬಾಡಿಗೆ ಕಟ್ಟಲಾಗದೆ ಗಾಡಿಯನ್ನೇ ಮನೆ ಮಾಡಿಕೊಂಡವರೂ ಅಲ್ಲಿದ್ದಾರೆ. ಅವರ ಕಷ್ಟ ಬೇರೆಯೇ, ಅದನ್ನು ಇದರೊಳಗೆ ಸೇರಿಸುವುದು ಸರಿಯಲ್ಲ.

(ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳು, ಇದೊಂದು ಹೇಳದೆ ಮುಂದೆ ಹೋಗಲಾರೆ. ಆ ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ ಆಕಾರದ ಒಂದು ಗೋರಿ, ತುದಿಯಲ್ಲಿ ಲೋಹದ ಒಂಟೆ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಸಾಮಾನು ಹೊರಲು ಒಂಟೆ ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿ ಅಲ್ಲಿ ಮಲಗಿದ್ದಾನೆ. ಅಲ್ಲಿಯವರ ಬಾಯಲ್ಲಿ ಅವನು 'ಹೈ ಜಾಲಿ' ಆಗಿಬಿಟ್ಟ. ತೀರಿಕೊಂಡದ್ದು 1902ರಲ್ಲಿ. ನಾನು ಅಲ್ಲಿ ಹತ್ತು ನಿಮಿಷ ನಿಂತೆ.)

ನಾವು ನೋಡಲು ಹೋದ ದಂಪತಿ ಆಲ್ಬರ್ಟಾ ಪ್ರಾಂತ್ಯದ ಲೆತ್‌ಬ್ರಿಜ್ ಕಡೆಯ ಗೋಧಿ ರೈತರು. ಅವರಿಗೆ 76, ಆಕೆಗೆ 73. ಹೊಲ ಈಗ ಮಗ ನೋಡಿಕೊಳ್ಳುತ್ತಾನೆ. ಬಿತ್ತನೆ ಶುರುವಾಗುವುದರೊಳಗೆ ಊರಲ್ಲಿರಬೇಕು ಅನ್ನುವುದು ಇಬ್ಬರ ಹಟ. ಹೊರಡುವ ದಿನ ಗೊತ್ತುಮಾಡುವುದೇ ಒಂದು ಲೆಕ್ಕಾಚಾರ. ತಡಮಾಡಿದರೆ ಮರುಭೂಮಿ ಕಾಯತೊಡಗುತ್ತದೆ, ಬೇಸಿಗೆಯಲ್ಲಿ ಅಲ್ಲಿ 43 ಡಿಗ್ರಿ ದಾಟುವುದು ಮಾಮೂಲು. ಅವಸರ ಮಾಡಿದರೆ ಮೇಲೆ ಹಿಮ. ಐಡಾಹೋದಿಂದ ಮೊಂಟಾನಾಕ್ಕೆ ದಾಟುವ ಮೊನೈಡಾ ಕಣಿವೆ ಸುಮಾರು 6,800 ಅಡಿ ಎತ್ತರದಲ್ಲಿದೆ, ಏಪ್ರಿಲ್‌ನಲ್ಲೂ ಅಲ್ಲಿ ಹಿಮ ಬೀಳುತ್ತದೆ. ಗಾಡಿಯ ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೆ ಪೈಪೇ ಸೀಳುತ್ತದೆ. ಮೇಲಾಗಿ ಕೆನಡಾದವರು ಅಮೆರಿಕದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಬಹಳ ದಿನ ಹೊರಗಿದ್ದರೆ ತಮ್ಮ ಪ್ರಾಂತ್ಯದ ಸರ್ಕಾರಿ ಆರೋಗ್ಯ ಸೌಲಭ್ಯವೂ ಕೈತಪ್ಪುತ್ತದೆ, ಆಂಟಾರಿಯೋದಲ್ಲಿ ಆ ಮಿತಿ 212 ದಿನ. ನಮ್ಮವರು ಇದನ್ನು ಕೇಳಿ, "ನಮ್ಮದೂ ಆರ್ ತಿಂಗಳದ್ದ ಲೆಕ್ಕ ಅಲ್ಲೇನ" ಅಂದರು. ಹೌದು, ವಿಸಿಟರ್ ವೀಸಾದಲ್ಲಿ ಹೋಗುವ ನಾವು ಅಪ್ಪ-ಅಮ್ಮಂದಿರು ಪಾಸ್‌ಪೋರ್ಟ್ ಜೊತೆ ಎಣಿಸುವುದೂ ಅದೇ ಆರು ತಿಂಗಳನ್ನು.

ನಾವು ರಾತ್ರಿ ಹತ್ತಿರದ ಬ್ಲೈತ್‌ನಲ್ಲಿ ಉಳಿದು ಬೆಳಿಗ್ಗೆ ಏಳಕ್ಕೆ ಮತ್ತೆ ಅಲ್ಲಿದ್ದೆವು. ಆಗ ನೋಡಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಅವರದು ಪಿಕಪ್ ಎಳೆಯುವ ಆರ್‌ವಿ, ಮೂವತ್ತೆರಡು ಅಡಿ ಉದ್ದ. ಅಜ್ಜಿ ಪಿಕಪ್‌ನಲ್ಲಿ ಕೂತು ರಿವರ್ಸ್ ಬಂದರು. ಅಜ್ಜ ಹಿಂದೆ ನಿಂತು ಬರೀ ಕೈಸನ್ನೆ ಮಾಡಿದರು, ಒಂದು ಮಾತಿಲ್ಲ, ಕೂಗಾಟವಿಲ್ಲ. ಚಕ್ಕಡಿಗೆ ನೊಗ ಕೂಡಿಸುವಾಗ ಇರುವಷ್ಟೇ ತಾಳ್ಮೆ. ಕೊಂಡಿ ಕೂತಾಗ ಟಕ್ ಅಂತ ಒಂದು ಸದ್ದು. ಅಜ್ಜಿ ಗಾಡಿಯನ್ನು ಸ್ವಲ್ಪವೇ ಮುಂದಕ್ಕೆ ಜಗ್ಗಿ ಕೊಂಡಿ ಗಟ್ಟಿ ಇದೆಯೇ ನೋಡಿದರು. ಆಮೇಲೆ ಅಜ್ಜ ಪ್ಲಾಸ್ಟಿಕ್ ಹಾಳೆಯಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡ್ ಹಿಡಿದುಕೊಂಡು ಓದಲು ಶುರುಮಾಡಿದರು. ಗ್ಯಾಸ್? ಬಂದ್. ಫ್ರಿಜ್ ಬಾಗಿಲು? ಹಾಕಿದೆ. ಮೇಲಿನ ಕಿಂಡಿ? ಮುಚ್ಚಿದೆ. ಮೆಟ್ಟಿಲು? ಮಡಚಿದೆ. ಚಕ್ರದ ಅಡ್ಡಗಟ್ಟೆ? ತೆಗೆದೆ. ಬ್ರೇಕ್ ಲೈಟು? ಅಜ್ಜಿ ಒತ್ತಿದರು, ಅಜ್ಜ ಹಿಂದೆ ಹೋಗಿ ನೋಡಿ ಹೆಬ್ಬೆರಳು ತೋರಿಸಿದರು. ಕೊನೆಗೆ ಇಬ್ಬರೂ ಬೇರೆ ಬೇರೆಯಾಗಿ, ಒಬ್ಬರು ಎಡದಿಂದ, ಇನ್ನೊಬ್ಬರು ಬಲದಿಂದ, ಗಾಡಿಗೆ ಒಂದೊಂದು ಸುತ್ತು ಬಂದರು. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಅಂತ.

"ಇವತ್ತು ನನ್ನ ಸರದಿ, ನಾಳೆ ಅವನದು. ಓಡಿಸುವವರು ಕಾರ್ಡ್ ಓದುವ ಹಾಗಿಲ್ಲ, ಕಾರ್ಡ್ ಓದಿದವರು ಸಂಜೆ ಅಡುಗೆ ಮಾಡಬೇಕು" ಅಂದರು ಅಜ್ಜಿ.

ಮೊದಲು ಹೀಗಿರಲಿಲ್ಲವಂತೆ. ಐದು ವರ್ಷದ ಹಿಂದೆ ಇದೇ ರೀತಿ ಊರಿಗೆ ಹೋಗುವಾಗ ಐಡಾಹೋದಲ್ಲಿ ಅಜ್ಜನಿಗೆ ಕಿಡ್ನಿ ಕಲ್ಲಿನ ನೋವು ಎದ್ದಿತು. ಹೇಗೋ ಒಂದು ಟ್ರಕ್ ನಿಲ್ದಾಣದವರೆಗೆ ತಂದು ನಿಲ್ಲಿಸಿದವರು ಸೀಟಿನಿಂದ ಇಳಿಯಲಾಗದೆ ಅಲ್ಲೇ ಮುದುಡಿಕೊಂಡರು. ಅಜ್ಜಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದವರು, ಆದರೆ ಈ ಗಾಡಿ ಮುಟ್ಟಿದವರಲ್ಲ. ಅಜ್ಜನನ್ನು ಆಂಬುಲೆನ್ಸ್‌ನಲ್ಲಿ ಕಳಿಸಿದ ಮೇಲೆ, ಮನೆಯಷ್ಟು ದೊಡ್ಡ ಆ ಗಾಡಿಯ ಮುಂದೆ, ಕೀಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ ಅಂದರು. "ಎಷ್ಟು ಚಳಿಗಾಲ ಅವನ ಪಕ್ಕದಲ್ಲೇ ಕೂತು ಬಂದೆ. ಬರೀ ಕಿಟಕಿಯ ಹೊರಗೆ ನೋಡಿದೆ." ಮಗ ಊರಿಂದ ಬಂದು ಗಾಡಿ ಒಯ್ಯುವವರೆಗೆ ಎರಡು ದಿನ ಅದು ಅಲ್ಲೇ ನಿಂತಿತ್ತು. ಮರುವರ್ಷ ಆಕೆ 69ನೇ ವಯಸ್ಸಿನಲ್ಲಿ, ಬೆಳಗಿನ ಜಾವದ ಖಾಲಿ ಪಾರ್ಕಿಂಗ್ ಬಯಲಿನಲ್ಲಿ, ಆ ಗಾಡಿಯನ್ನು ಎಳೆಯಲು ಕಲಿತರು. ಆತ ಸಾರು ಮಾಡುವುದು, ಹೆಂಡತಿಯ ಐದು ಮಾತ್ರೆ ಯಾವ ಹೊತ್ತಿಗೆ ಯಾವುದು ಅನ್ನುವುದು, ಬಿಲ್ ಕಟ್ಟುವುದು ಕಲಿತರು.

ಅವರು ಹೇಳುವಾಗ ನಾನು ನಮ್ಮವರ ಮುಖ ನೋಡಲಿಲ್ಲ. ಅವರೂ ನನ್ನ ಮುಖ ನೋಡಲಿಲ್ಲ.

2019ರ ಶ್ರಾವಣ. ರಾತ್ರಿ ಎರಡು ಗಂಟೆಗೆ ನಮ್ಮವರು ಎದ್ದು ಕೂತು, "ಎದಿ ಹಿಡದಂಗ ಆಗಾಕತ್ತೈತಿ" ಅಂದರು. ಕಾರು ಅಂಗಳದಲ್ಲೇ ನಿಂತಿದೆ, ಓಡಿಸಲು ನನಗೆ ಬಾರದು. ಬಾಜೂ ಮನೆಯ ಹುಡುಗನ ಫೋನ್ ಎತ್ತಲಿಲ್ಲ. ಬೀದಿಗೆ ಓಡಿ, ಹಾಲಿನ ಗಾಡಿಯವನೊಬ್ಬನ ಕೈಕಾಲು ಹಿಡಿದು ಒಂದು ಖಾಸಗಿ ಆಸ್ಪತ್ರೆ ಮುಟ್ಟಿದೆವು. ಮೊದಲು ಇಪ್ಪತ್ತು ಸಾವಿರ ಕಟ್ಟಿ ಅಂದರು. ಕಾರ್ಡ್ ಇತ್ತು, ನಂಬರ್ ಗೊತ್ತಿರಲಿಲ್ಲ. ಸ್ಟ್ರೆಚರ್ ಮೇಲೆ ಮಲಗಿದ ಮನುಷ್ಯ ಉಸಿರು ಕಟ್ಟಿಕೊಂಡು ನಾಲ್ಕು ಅಂಕಿ ಹೇಳಿದರು. ಎಟಿಎಂ ಮುಂದೆ ನಿಂತಾಗ ಮೂರನೇ ಅಂಕಿ ಮರೆತುಹೋಯಿತು. ವಾಪಸ್ ಓಡಿಹೋಗಿ, ಬಗ್ಗಿ, ಮತ್ತೆ ಕೇಳಿದೆ. ಆವತ್ತು ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದ ಆ ಒಂದು ಅಂಕಿ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿದೆ. ಮೂವತ್ತು ವರ್ಷ ಸಂಬಳ ತಂದವಳು ನಾನು. ಸಾವಿರಾರು ಮಕ್ಕಳಿಗೆ ಪಾಠ ಹೇಳಿದವಳು.

ದೇವರ ದಯೆ, ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಿದ ಮೇಲೆ ಆರಾಮಾದರು. ಆದರೆ ಕೇಳಿ, ಅಷ್ಟಾದ ಮೇಲೂ ನಾವು ಏನೂ ಬದಲಾಯಿಸಲಿಲ್ಲ. ಅವರೇ ಓಡಿಸಿದರು, ಅವರೇ ಬ್ಯಾಂಕಿಗೆ ಹೋದರು, ನಾನೇ ಅಡುಗೆ ಮಾಡಿದೆ. ಅದೇ ತಪ್ಪು, ಅದನ್ನೇ ಹೇಳಲು ಇಷ್ಟು ಬರೆಯುತ್ತಿದ್ದೇನೆ. ನಮ್ಮಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ ಜೋಡಿಯಲ್ಲಿ ಒಬ್ಬೊಬ್ಬರೂ ಅರ್ಧರ್ಧ ಬದುಕಷ್ಟೇ ಕಲಿತಿರುತ್ತೇವೆ. ಅದನ್ನು ಹೊಂದಾಣಿಕೆ ಅಂತ ಹೊಗಳಿಕೊಳ್ಳುತ್ತೇವೆ. ಒಬ್ಬರು ಮಲಗಿದ ರಾತ್ರಿ ಇನ್ನೊಬ್ಬರು ಮನೆಯೊಳಗೇ ದಾರಿ ತಪ್ಪುತ್ತಾರೆ.

ಹೆಂಗಸರದ್ದಷ್ಟೇ ಹೇಳುತ್ತಿಲ್ಲ. ಮಗಳ ಬಾಣಂತನಕ್ಕೆ ನಾನು ಮೊದಲ ಸಲ ಒಬ್ಬಳೇ ಅಮೆರಿಕಕ್ಕೆ ಹೋದೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು, ದೋಹಾದಲ್ಲಿ ವಿಮಾನ ಬದಲಾಯಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಹೊರಗೆ ಬಂದೆ. ನನ್ನಂಥ ಎಷ್ಟು ತಾಯಂದಿರು ಹೀಗೆ ಹೋಗಿದ್ದಾರೆ! ಆ ಆರು ತಿಂಗಳು ನಮ್ಮವರು ಖಾನಾವಳಿ ಡಬ್ಬಿ ತರಿಸಿಕೊಂಡು ಉಂಡು, ನಾನು ಬರುವ ಹೊತ್ತಿಗೆ ಎಂಟು ಕಿಲೋ ಇಳಿದಿದ್ದರು. ಅನ್ನಕ್ಕೆ ನೀರೆಷ್ಟು ಅಂತ ವಿಡಿಯೋ ಕಾಲ್ ಮಾಡುತ್ತಿದ್ದರು, ನನಗೆ ಅಲ್ಲಿ ಕಣ್ಣೀರು ಬರುತ್ತಿತ್ತು. ಅದೇ ಎರಡನೇ ಸಲ ಇಬ್ಬರೂ ಕೂಡಿ ಹೋದಾಗ ಎರಡೂ ಪಾಸ್‌ಪೋರ್ಟ್ ಅವರ ಜೇಬಿನಲ್ಲಿ. ವಾಪಸ್ ಬರುವ ತಾರೀಖೂ ನನಗೆ ಗೊತ್ತಿರಲಿಲ್ಲ. ಒಬ್ಬಳೇ ಇದ್ದಾಗ ಬಂದ ಧೈರ್ಯವನ್ನು ಜೊತೆ ಸಿಕ್ಕ ಕೂಡಲೇ ಅವರ ಕೈಗೆ ಕೊಟ್ಟುಬಿಟ್ಟಿದ್ದೆ.

"ಈ ವಯಸ್ಸಿನಲ್ಲಿ ಯಾಕೆ? ಮಕ್ಕಳಿದ್ದಾರೆ, ಬಾಡಿಗೆ ಡ್ರೈವರ್ ಸಿಗ್ತಾನೆ" ಅಂತ ಹಲವರು ಅಂದರು. ಮಕ್ಕಳು ಫೀನಿಕ್ಸ್‌ನಲ್ಲಿ, ಪುಣೆಯಲ್ಲಿ. ಡ್ರೈವರ್ ರಾತ್ರಿ ಎರಡಕ್ಕೆ ಸಿಗುವುದಿಲ್ಲ, ಸಿಕ್ಕರೂ ಅವನಿಗೆ ನಮ್ಮ ಎಟಿಎಂ ನಂಬರ್ ಹೇಳಲಾಗುವುದಿಲ್ಲ. ಕಣ್ಣು, ಕೈಕಾಲು ಸಹಕರಿಸದವರು ಗಾಡಿ ಓಡಿಸಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಖಾತೆ ಯಾವ ಬ್ಯಾಂಕಿನಲ್ಲಿದೆ, ಅದು 'ಐದರ್ ಆರ್ ಸರ್ವೈವರ್' (ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು ಒಬ್ಬರೇ ನಡೆಸಬಹುದಾದ ಜಂಟಿ ಖಾತೆ) ಇದೆಯೇ, ನಾಮಿನಿ ಯಾರು, ಇನ್ಶೂರೆನ್ಸ್ ಕಾಗದ ಯಾವ ಟ್ರಂಕಿನಲ್ಲಿದೆ ಅನ್ನುವುದಕ್ಕೆ ಕಣ್ಣಿನ ಪರೀಕ್ಷೆ ಬೇಕಿಲ್ಲ. ಅನ್ನ-ಸಾರಿಗೂ ಬೇಕಿಲ್ಲ.

ಆರ್‌ವಿಯವರು ಗಾಡಿ ಓಡಿಸಲಾಗದ ದಿನದ ಬಗ್ಗೆಯೂ ಯೋಚಿಸಿದ್ದಾರೆ. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿ ಎಸ್ಕೇಪೀಸ್ ಎಂಬ ಆರ್‌ವಿ ಸಂಘ ಕಟ್ಟಿದರು. ಅದರ ನೆಲೆಯಾದ ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿ, ಕಾಯಿಲೆ ಬಿದ್ದವರು, ಇನ್ನು ಓಡಾಡಲಾಗದವರು ತಮ್ಮ ಆರ್‌ವಿಯಲ್ಲೇ ಉಳಿದುಕೊಂಡು ಊಟ, ಆರೈಕೆ ಪಡೆಯುವ ಒಂದು ಕೇಂದ್ರವಿದೆ. ಇದನ್ನು ಆ ಅಜ್ಜಿ ಯಾವ ಬೇಸರವೂ ಇಲ್ಲದೆ ಹೇಳಿದರು, ನಾವು ನಾಳೆಯ ಪಲ್ಯದ ಬಗ್ಗೆ ಮಾತಾಡುವ ಹಾಗೆ. ನಮ್ಮ ಮನೆಗಳಲ್ಲಿ ಈ ಮಾತು ತೆಗೆದರೆ ಸಾಕು, "ಬಿಡು, ಕೆಟ್ಟ ಮಾತಾಡಬ್ಯಾಡ" ಅಂತ ಬಾಯಿ ಮುಚ್ಚಿಸುತ್ತಾರೆ.

ಎಂಟು ಗಂಟೆಗೆ ಅವರು ಹೊರಟರು. ಲಾಸ್ ವೇಗಸ್ ದಾಟಿ ಇಂಟರ್‌ಸ್ಟೇಟ್ 15 ಹಿಡಿದರೆ ಅದು ಯೂಟಾ, ಐಡಾಹೋ, ಮೊಂಟಾನಾ ಹಾದು ಕೆನಡಾ ಗಡಿಗೇ ಮುಟ್ಟಿಸುತ್ತದೆ. ದಿನಕ್ಕೆ 300 ಮೈಲಿಗಿಂತ ಹೆಚ್ಚಿಲ್ಲ, ಮಧ್ಯಾಹ್ನ ಮೂರಕ್ಕೆಲ್ಲ ತಂಗಬೇಕು, ಆದಷ್ಟೂ ಒಂದೊಂದು ಕಡೆ ಮೂರು ದಿನ ಇರಬೇಕು. ಅವರಲ್ಲಿ 3-3-3 ಅಂತ ಇದಕ್ಕೆ ಹೆಸರೇ ಇದೆ. ಧೂಳೆಬ್ಬಿಸಿಕೊಂಡು ಗಾಡಿ ರಸ್ತೆಗೆ ಹತ್ತಿತು. ಅಜ್ಜಿ ಕನ್ನಡಿಯಲ್ಲಿ ಒಮ್ಮೆ ನೋಡಿ ಕೈ ಎತ್ತಿದರು, ತಿರುಗಿ ನೋಡಲಿಲ್ಲ.

ಫೀನಿಕ್ಸ್‌ಗೆ ಬರುವ ದಾರಿಯಲ್ಲಿ ನಾನೇ ಕೇಳಿದೆ. "ರೀ, ಊರಿಗೆ ಹೋದ ಕೂಡ್ಲೆ ನಂಗ ಕಾರ್ ಕಲಸ್ತೀರೇನ್ರೀ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಲಸ್ತೀನಿ. ನೀ ನಂಗ ರೊಟ್ಟಿ ಬಡಿಯೋದ ಕಲಸು" ಅಂದರು.

ಬಂದ ಮೇಲೆ ಎಲ್‌ಎಲ್‌ಆರ್ ಮಾಡಿಸಿದೆ. ನಲವತ್ತು ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಅಷ್ಟೇ. ತಿಂಗಳು ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು. 55 ದಾಟಿದವರಿಗೆ ಲೈಸೆನ್ಸ್ ಐದು ವರ್ಷಕ್ಕೆ ಸಿಗುತ್ತದೆ. ಭಾನುವಾರ ಎಪಿಎಂಸಿ ಯಾರ್ಡಿನ ಖಾಲಿ ರಸ್ತೆಯಲ್ಲಿ ಕಲಿತೆ. ಮೊದಲ ವಾರ ಕ್ಲಚ್ ಬಿಡುವಾಗ ಎಂಜಿನ್ ಎಷ್ಟು ಸಲ ಆಫ್ ಆಯಿತೋ ಲೆಕ್ಕವಿಲ್ಲ. ನಮ್ಮವರು ಒಮ್ಮೆಯೂ ಗದರಿಸಲಿಲ್ಲ. ಅತ್ತ ಅವರ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯುತ್ತಿತ್ತು, ನಾನೂ ಏನೂ ಅನ್ನಲಿಲ್ಲ. ಈಗ ದುಂಡಗೆ ಬರುತ್ತವೆ, ಸ್ವಲ್ಪ ದಪ್ಪ. ಬ್ಯಾಂಕಿನ ಕೆಲಸ ಒಂದು ತಿಂಗಳು ನಾನು, ಒಂದು ತಿಂಗಳು ಅವರು.

ಮೊನ್ನೆ ಭಾನುವಾರ ಗದಗದಿಂದ ಲಕ್ಕುಂಡಿಗೆ ನಾನೇ ಓಡಿಸಿದೆ. ಹನ್ನೆರಡು ಕಿಲೋಮೀಟರ್ ಇರಬಹುದು. ಹೊರಡುವ ಮೊದಲು ನಮ್ಮವರು ಬಾಜೂ ಸೀಟಿನಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಜೇಬಿನಿಂದ ಒಂದು ಚೀಟಿ ತೆಗೆದರು. ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ್ದರು, ನನಗೆ ಹೇಳಿರಲಿಲ್ಲ.

"ಬೆಲ್ಟ್?"

"ಹಾಕೀನಿ."

"ಕನ್ನಡಿ?"

"ಕಾಣಸ್ತೈತಿ."

"ಹ್ಯಾಂಡ್‌ಬ್ರೇಕ್?"

"ಈಗ ಇಳಸ್ತೀನಿ."

"ಗುಳಗಿ ಡಬ್ಬಿ?"

"ನನ್ನ ಚೀಲದಾಗ ಐತಿ. ನಿಮ್ಮವೂ ಅದಾವ."

ಬ್ರಹ್ಮಜಿನಾಲಯ ನೋಡಿ, ಗುಡಿಯ ನೆರಳಿನಲ್ಲಿ ಅವರು ಬಡಿದ ರೊಟ್ಟಿ, ನಾನು ಮಾಡಿದ ಎಣ್ಣೆಗಾಯಿ ಉಂಡೆವು. ವಾಪಸ್ ಬರುವಾಗ ಪಾಳಿ ಅವರದು. ಕಾರ್ಡ್ ನಾನು ಓದಿದೆ.