ರ‍್ಯಾಂಪ್ ಮೇಲೆ ತುಳಸಿ ಕುಂಡ

ಕಾಕಾನ ಅಂಗವಿಕಲರ ಕಾರ್ಡಿನ ಸಲುವಾಗಿ ಡೊಂಬಿವಲಿಯಿಂದ ಟ್ಯಾಕ್ಸಿ ಮಾಡಿಕೊಂಡು ಮುಂಬೈನ ಸರಕಾರಿ ಕಚೇರಿಯೊಂದಕ್ಕೆ ಹೋದೆವು. ರ‍್ಯಾಂಪ್ (ಗಾಲಿಕುರ್ಚಿ ಏರೋ ಇಳಿಜಾರು) ಇದೆ, ಇಲ್ಲ ಅನ್ನೋ ಹಾಗಿಲ್ಲ. ಅದರ ಮೇಲೆ ಸಾಲಾಗಿ ನಾಲ್ಕು ತುಳಸಿ ಕುಂಡ, ಬುಡದಲ್ಲಿ ಯಾರದೋ ಸ್ಕೂಟರ್. ಒಂದಡಿ ಏರಲು ಹನ್ನೆರಡಡಿ ಉದ್ದ ಬೇಕಂತೆ ನಿಯಮದಲ್ಲಿ; ಇಲ್ಲಿ ಎರಡಡಿ ಎತ್ತರಕ್ಕೆ ಬರೀ ಆರಡಿ. ಜಾರುಬಂಡೆ ಅದು! ನಾವು ಹೋಗಬೇಕಾದ ಟೇಬಲ್ಲು ಮಹಡಿ ಮೇಲೆ. ಲಿಫ್ಟಿಗೆ 'ಬಂದ್ ಆಹೆ' ಅಂತ ಬೋರ್ಡು, ಬೋರ್ಡಿನ ಮೇಲೂ ಧೂಳು. ಹಳೇ ಸರಕಾರಿ ಕಟ್ಟಡಗಳನ್ನು ಸರಿಮಾಡಲು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕೊಟ್ಟ ಐದು ವರ್ಷದ ಗಡುವು ಎಂದೋ ಮುಗಿದಿದೆ. ಊರಿಗೆಲ್ಲ ಬುದ್ಧಿ ಹೇಳೋರ ಮನೆಯೇ ಹೀಗೆ! ಕೊನೆಗೆ ನಾನೂ ವಾಚ್‌ಮನ್ನೂ ಸೇರಿ ಕಾಕಾನನ್ನು ಕುರ್ಚಿ ಸಮೇತ ಎತ್ತಿಕೊಂಡು ಹತ್ತಿದೆವು. ಮೇಲಿದ್ದ ಮೇಡಂ ಕೇಳಿದರು, "ಇವರಿಗೆ ನಿಜವಾಗ್ಲೂ ನಡೆಯೋಕೆ ಬರಲ್ವಾ?"